ವೆನಿಸ್ ಕಡೆ ವಾಲಿದ ಬುಗುರಿ

ಯೂರೋಪಿನ ಆರು ನಗರಗಳಲ್ಲಿ ಯಾವುದು ನಮ್ಮ ಪಾದಸ್ಪರ್ಶಕ್ಕೆ ಯೋಗ್ಯ ಎಂಬುದನ್ನು ನಾನೊಬ್ಬನೇ ತೀರ್ಮಾನಿಸುತ್ತೇನೆ, ಅದನ್ನೂ ಶುದ್ಧ ಗಣಿತದಿಂದಲೇ ತೀರ್ಮಾನಿಸುತ್ತೇನೆ ಎಂದು ಮನೆಯಲ್ಲಿ ಘೋಷಿಸಿದ ದಿನ ನನ್ನ ಎದೆ ಎರಡು ಇಂಚು ಅಗಲವಾಗಿತ್ತು!

ಆಗದೆ ಏನು? ವಿರೂಪಾಕ್ಷಿಪುರದ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷದಿಂದ ಗಣಿತದ ಮೇಷ್ಟ್ರಾಗಿದ್ದೇನೆ. ಹತ್ತನೇ ತರಗತಿಗೆ ಸಂಭವನೀಯತೆಯ ಪಾಠ ಮಾಡುವಾಗ ನಾಣ್ಯ ಚಿಮ್ಮಿಸಿ, ದಾಳ ಉರುಳಿಸಿ, ಮಕ್ಕಳ ಕಣ್ಣಲ್ಲಿ ಅರ್ಧ ಜಾದೂಗಾರನಾಗಿದ್ದೇನೆ. ನಮ್ಮ ಮನೆತನದಲ್ಲಿ ಕಪ್ಪು ಗೌನು ತೊಟ್ಟು, ಪದವಿ ಪತ್ರ ಹಿಡಿದು ಫೋಟೋ ತೆಗೆಸಿಕೊಂಡ ಮೊದಲನೆಯವನು ನಾನೇ. ಆ ಫೋಟೋ ಕೆಳಗೆ ನಮ್ಮವ್ವ ಇವತ್ತಿಗೂ ಊದುಬತ್ತಿ ಹಚ್ಚುತ್ತಾಳೆ. ನಾನು ಬದುಕಿರುವಾಗಲೇ!

ಆದರೆ ಯೂರೋಪಿಗೆ ಕರೆ ಬಂದದ್ದು ನನಗಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕರೆ ಬಂದದ್ದು ನನ್ನ ಹೆಂಡತಿ ಶಾಂಭವಿಗೆ.

ಚನ್ನಪಟ್ಟಣದ ನಮ್ಮ ಮನೆಯ ಹಿತ್ತಲಲ್ಲಿ ಅವಳದೊಂದು ಪುಟ್ಟ ಬೊಂಬೆ ಕಾರ್ಖಾನೆ ಇದೆ. ಎರಡು ಲೇತು, ಒಂದು ದೊಡ್ಡ ಕಿಟಕಿ, ಹಾಲೆ ಮರದ ತುಂಡುಗಳ ರಾಶಿ, ಮೂವತ್ತು ವರ್ಷದಿಂದ ಮರ ಕಡೆಯುತ್ತಿರುವ ಹಬೀಬ್ ಸಾಹೇಬರು, ಪ್ಯಾಕಿಂಗ್ ನೋಡಿಕೊಳ್ಳುವ ಮೆಹ್ರೀನ್. ಇಷ್ಟೇ ಸಾಮ್ರಾಜ್ಯ. ಎರಡು ವರ್ಷದ ಹಿಂದೆ ಆಸ್ಟ್ರಿಯಾ ದೇಶದಲ್ಲಿ ಬೊಂಬೆ ಅಂಗಡಿ ಇಟ್ಟಿರುವ ಹೆಲ್ಗಾ ಎಂಬಾಕೆ ಇಲ್ಲಿಗೆ ಬಂದು, ಶಾಂಭವಿಯ ಬೊಂಬೆಗಳನ್ನು ಕೆನ್ನೆಗೆ ಒತ್ತಿಕೊಂಡು ಮುದ್ದಾಡಿ ಹೋಗಿದ್ದರು. ಈಗ ಅವರ ಅಂಗಡಿಗೆ ಐವತ್ತು ವರ್ಷ ತುಂಬುತ್ತದಂತೆ. ಅದಕ್ಕೆ ಗೆಳೆಯರೆಲ್ಲ ಸೇರಿ ಡ್ಯಾನ್ಯೂಬ್ ನದಿಯ ದಂಡೆಗುಂಟ ಏಳು ದಿನ ಸೈಕಲ್ ತುಳಿಯುತ್ತಾರಂತೆ. ನೀವು ಗಂಡ ಹೆಂಡತಿ ಇಬ್ಬರೂ ಬರಲೇಬೇಕು, ಸೈಕಲ್ ನಾವೇ ಕೊಡುತ್ತೇವೆ, ಅದಕ್ಕೆ ಮೊದಲು ನಿಮಗೆ ಇಷ್ಟವಾದ ಯಾವುದಾದರೂ ಒಂದು ಊರಿನಲ್ಲಿ ಮೂರು ದಿನ ಇರಲು ವ್ಯವಸ್ಥೆ ಮಾಡುತ್ತೇವೆ, ಊರಿನ ಹೆಸರನ್ನು ಮುಂದಿನ ತಿಂಗಳ ಕೊನೆಯೊಳಗೆ ತಿಳಿಸಿ ಎಂದು ಬರೆದಿದ್ದರು. ಜೊತೆಗೆ, ಬಂದ ಅತಿಥಿಗಳಿಗೆಲ್ಲ ಉಡುಗೊರೆ ಕೊಡಲು ಇನ್ನೂರ ನಲವತ್ತು ಬುಗುರಿಗಳ ಆರ್ಡರು. ಆರು ಮುಖದ ಬುಗುರಿ, ಮುಖಕ್ಕೊಂದು ಬಣ್ಣ, ಬೆರಳಲ್ಲಿ ತಿರುಗಿಸಲು ಮೇಲೊಂದು ಕಡ್ಡಿ.

ಹೆಲ್ಗಾ ಮೇಡಂ ಆರು ಊರುಗಳ ಪಟ್ಟಿಯನ್ನೂ ಕೊಟ್ಟಿದ್ದರು. ಪ್ರಾಗ್, ಬುಡಾಪೆಸ್ಟ್, ಮ್ಯೂನಿಕ್, ಸಾಲ್ಜ್‌ಬರ್ಗ್, ನ್ಯೂರೆಂಬರ್ಗ್, ವೆನಿಸ್.

"ಊರು ಆರಿಸೋ ಕೆಲಸ ನನಗೆ ಬಿಡು" ಅಂದೆ.

"ಬಿಟ್ಟೆ" ಅಂದಳು ಶಾಂಭವಿ, ಫೋನಿನಿಂದ ತಲೆ ಎತ್ತದೆ. ಇಷ್ಟು ಸುಲಭವಾಗಿ ಅವಳು ಯಾವುದನ್ನಾದರೂ ಬಿಟ್ಟಿದ್ದು ಮದುವೆಯಾದ ಮೇಲೆ ಇದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಕೋಷ್ಟಕ ಹಾಕಿದೆ. ನಾಲ್ಕು ಬಣ್ಣದ ಪೆನ್ನು, ಒಂದು ಅಡಿಪಟ್ಟಿ. ಊಟಕ್ಕೆ ಹತ್ತು ಅಂಕ, ನೋಟಕ್ಕೆ ಹತ್ತು, ಚಳಿ ಕಡಿಮೆ ಇದ್ದರೆ ಹತ್ತು, ಸಸ್ಯಾಹಾರ ಸಿಕ್ಕರೆ ಬೋನಸ್ ಐದು, ಸೈಕಲ್ ಸವಾರರಿಗೆ ಅನುಕೂಲಕ್ಕೆ ಹತ್ತು. ಮೂರು ಸಂಜೆ ಬೆವರು ಸುರಿಸಿ ಕೂಡಿ ನೋಡಿದರೆ ನ್ಯೂರೆಂಬರ್ಗ್ ಪ್ರಥಮ ದರ್ಜೆಯಲ್ಲಿ ಪಾಸು! ವೆನಿಸ್ ಫೇಲು! ಕಾರಣ, ಆ ಹಳೇ ಊರಿನೊಳಗೆ ಸೈಕಲ್ ತುಳಿಯುವ ಹಾಗೇ ಇಲ್ಲವಂತೆ. ಸೈಕಲ್ ವಿಷಯದಲ್ಲಿ ಅದಕ್ಕೆ ದುಂಡು ಸೊನ್ನೆ.

ನನ್ನ ಕೋಷ್ಟಕ ನನಗೇ ದ್ರೋಹ ಬಗೆಯಿತು!

ಯಾಕೆಂದರೆ ಓದುಗರೇ, ಪಟ್ಟಿಯಲ್ಲಿ ಆ ಹೆಸರು ಕಂಡ ಕ್ಷಣವೇ ನಾನು ವೆನಿಸ್‌ನ ಪಾಲಾಗಿದ್ದೆ. ನಾನು ಹುಟ್ಟಿ ಬೆಳೆದದ್ದು ಮರಳವಾಡಿ ಹತ್ತಿರ. ಏಳನೇ ತರಗತಿಯಲ್ಲಿದ್ದಾಗ ಒಂದು ವರ್ಷ ಕೆರೆ ಕೋಡಿ ಬಿದ್ದು ನಮ್ಮ ಬೀದಿಯಲ್ಲಿ ಮೂರು ದಿನ ಮೊಣಕಾಲುದ್ದ ನೀರು ನಿಂತಿತ್ತು. ದೊಡ್ಡವರೆಲ್ಲ ರಾಗಿ ಚೀಲ ಅಟ್ಟಕ್ಕೆ ಸಾಗಿಸಿ ಶಪಿಸುತ್ತಿದ್ದರೆ ನಾವು ಹುಡುಗರು ಬಾಳೆದಿಂಡು ಕಟ್ಟಿಕೊಂಡು ತೇಲುತ್ತ ಮನೆಯಿಂದ ಮನೆಗೆ ಹೋಗಿದ್ದೆವು. ಜಗಲಿ ಮೇಲೆ ಕೂತ ಅಜ್ಜಿಯರ ಮುಖ ನೀರಿನಲ್ಲಿ ಅಲುಗಾಡುತ್ತಿತ್ತು. ಸಂಜೆ ದೀಪ ಹಚ್ಚಿದಾಗ ಬೀದಿಯೇ ಬೆಳಗುತ್ತಿತ್ತು. ನಾಲ್ಕನೇ ದಿನ ನೀರು ಇಳಿಯಿತು, ಕೆಸರು ಉಳಿಯಿತು, ನಾನು ನೀರಿನ ಬೀದಿಯ ಕನಸು ಇಟ್ಟುಕೊಂಡು ದೊಡ್ಡವನಾದೆ. ಅಂಥ ಬೀದಿಗಳದ್ದೇ ಒಂದು ಊರು ಭೂಮಿಯ ಮೇಲಿದೆ, ಅಲ್ಲಿಗೆ ಟಿಕೆಟ್ಟೂ ಸಿಗುತ್ತದೆ ಅಂದಮೇಲೆ ನ್ಯೂರೆಂಬರ್ಗ್ ಯಾರಿಗೆ ಬೇಕು?

ಆದರೆ ಶಾಂಭವಿಗೆ ಬೇಕು ಎಂಬುದು ನನ್ನ ಲೆಕ್ಕಾಚಾರ. ಅಲ್ಲಿ ಬೊಂಬೆಗಳ ದೊಡ್ಡ ಮ್ಯೂಸಿಯಂ ಇದೆ. ಬೊಂಬೆ ಮಾಡುವವಳಿಗೆ ಬೊಂಬೆ ಊರು ಬೇಡವೆ? ಅವಳನ್ನು ಕೇಳಿದೆನೆ? ಇಲ್ಲ. ಉತ್ತರ ಗೊತ್ತಿದೆ ಎಂದ ಮೇಲೆ ಪ್ರಶ್ನೆ ಯಾಕೆ!

ಕೋಷ್ಟಕವನ್ನು ಮಡಚಿ ಹಾಸಿಗೆ ಕೆಳಗೆ ಬಚ್ಚಿಟ್ಟು, ಊಟಕ್ಕೆ ಕೂತಾಗ ಗಂಭೀರವಾಗಿ ಹೇಳಿದೆ: "ಆರೂ ಊರಿಗೆ ಸಮಸಮ ಅಂಕ ಬಂದಿದೆ."

"ಆರಕ್ಕೂ?" ಅಂದಳು ಶಾಂಭವಿ.

"ಆರಕ್ಕೂ. ಅಪರೂಪದ ಪ್ರಕರಣ."

ಅವ್ವ ಮುದ್ದೆ ಮುರಿಯುತ್ತ ಅಂದಳು: "ಹಂಗಾರೆ ದೇವರ ಮುಂದೆ ಚೀಟಿ ಹಾಕ್ಬುಡು ಮಗಾ. ನಿಮ್ಮಪ್ಪ ಎತ್ತು ತರೋವಾಗ ಹಂಗೇ ಮಾಡ್ತಿದ್ದುದು."

"ಚೀಟೀಲಿ ಮೋಸ ಮಾಡಬಹುದವ್ವಾ" ಅಂದೆ. ಈ ಮಾತು ಆಡಿದ್ದು ನನ್ನದೇ ಬಾಯಿ! "ಬುಗುರಿ ಬಿಡೋಣ. ಆರು ಮುಖ, ಆರು ಊರು. ಪ್ರತಿ ಊರಿಗೂ ಆರರಲ್ಲಿ ಒಂದು ಅವಕಾಶ. ಮೇಲೆ ಯಾವ ಬಣ್ಣ ಬರುತ್ತೋ ಅದೇ ಊರು. ಇದು ವಿಜ್ಞಾನ."

"ಓದಿರೋನು ಯೋಳ್ತಾವ್ನೆ, ಸರಿಯಾಗೇ ಇರ್ತೈತೆ" ಅಂದಳು ಅವ್ವ.

ಶಾಂಭವಿ ನನ್ನನ್ನೇ ಒಂದು ಕ್ಷಣ ನೋಡಿ, "ಭಾನುವಾರ ಬಿಡೋಣ" ಅಂದಳು.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಮನೆಗೆ ಬಂದಾಗ ಹಬೀಬ್ ಸಾಹೇಬರು ಊಟಕ್ಕೆ ಹೋಗಿದ್ದರು. ಕಾರ್ಖಾನೆಯ ಕಿಟಕಿಯ ದಂಡೆ ಮೇಲೆ ಒಂದು ಬುಗುರಿ ಕೂತಿತ್ತು. ಆಹಾ, ಏನು ನುಣುಪು, ಏನು ಬಣ್ಣ! ಕಡ್ಡಿಗೆ ಒಂದು ಕೆಂಪು ದಾರ ಬೇರೆ ಕಟ್ಟಿತ್ತು. ಅಂದಕ್ಕೆ ಕಟ್ಟಿರಬೇಕು ಅಂದುಕೊಂಡು ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನೀಲಿ ಮುಖ ವೆನಿಸ್ ಎಂದು ಆಗಲೇ ತೀರ್ಮಾನಿಸಿದ್ದೆ. ನೀಲಿಗೆ ನೇರ ಎದುರು ಹಳದಿ. ಹಳದಿ ಮುಖ ಭಾರವಾದರೆ ಅದು ನೆಲ ಕಚ್ಚುತ್ತದೆ, ನೀಲಿ ಆಕಾಶ ನೋಡುತ್ತದೆ. ಐನೂರು ಮಕ್ಕಳಿಗೆ ಸಂಭವನೀಯತೆ ಕಲಿಸಿದ ಈ ಕೈಗಳು ಆ ಹಳದಿ ಮುಖಕ್ಕೆ ಸಣ್ಣ ತೂತು ಕೊರೆದು, ತಲೆ ಕತ್ತರಿಸಿದ ಗಿಡ್ಡ ಮೊಳೆಯೊಂದನ್ನು ತೂರಿಸಿ, ಮೇಣ ತುಂಬಿ, ಮೇಲೆ ಹಳದಿ ಬಣ್ಣ ಬಳಿದವು. ನ್ಯೂರೆಂಬರ್ಗ್‌ಗೆ ಯಾವ ಬಣ್ಣ ಕೊಟ್ಟೆ ಅಂತೀರಾ? ಹಳದಿಯನ್ನೇ!

ಭಾನುವಾರ ತಿಂಡಿ ಆದ ಮೇಲೆ ಸಭೆ ಸೇರಿತು. ಬಣ್ಣಕ್ಕೂ ಊರಿಗೂ ಹೊಂದಿಸಿ ಬರೆದ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಅವ್ವ ಬುಗುರಿಗೆ ಕುಂಕುಮ ಇಟ್ಟಳು. ನಾನು ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಕಡ್ಡಿ ಹಿಡಿದು ತಿರುಗಿಸಿಬಿಟ್ಟೆ.

ಗಿರಗಿರನೆ ತಿರುಗಿತು. ಆರು ಬಣ್ಣ ಕಲೆತು ಮಬ್ಬಾಗಿ, ಕೊನೆಗೆ ವಾಲಾಡಿ ಬಿತ್ತು. ನೀಲಿ!

"ವೆನಿಸ್!" ಎಂದು ಕುಣಿದೆ.

"ಇನ್ನೊಂದ್ಸಲ ಬುಡು, ನೋಡವಾ" ಅಂದಳು ಅವ್ವ. ಬಿಟ್ಟೆ. ನೀಲಿ. "ಮೂರನೇದೂ ಬುಡು, ಸಂಖ್ಯೆ ಬೆಸ ಇರ್ಬೇಕು." ಬಿಟ್ಟೆ. ನೀಲಿ!

ಅವ್ವ ಕೈ ಮುಗಿದಳು. ನಾನು ಕಂಬನಿ ಒರೆಸಿಕೊಂಡಂತೆ ಮಾಡಿ, "ದೈವ ಸಂಕಲ್ಪ, ನಾವೇನು ಮಾಡೋಕಾಗುತ್ತೆ?" ಅಂದೆ. ಶಾಂಭವಿ ಸಣ್ಣಗೆ ನಕ್ಕಳು. ಪಾಪ, ಸೋಲನ್ನು ಎಷ್ಟು ಚೆನ್ನಾಗಿ ನುಂಗಿಕೊಂಡಳು ಅಂದುಕೊಂಡೆ.

"ಹೆಲ್ಗಾ ಮೇಡಂಗೆ ಇವತ್ತೇ ತಿಳಿಸ್ತೀಯಾ?"

"ಬುಗುರಿ ಕಳಿಸೋ ದಿನ ಎರಡನ್ನೂ ಸೇರಿಸಿ ತಿಳಿಸ್ತೀನಿ. ಅವಸರ ಏನ್ರೀ, ವೆನಿಸ್ ಎಲ್ಲೂ ಎದ್ದು ಹೋಗಲ್ಲ."

ಸಂಜೆ, ಯಾರೂ ಇಲ್ಲದ ಹೊತ್ತಿನಲ್ಲಿ, ಬುಗುರಿಯ ಕುಂಕುಮ ಒರೆಸಿ, ಕೆಂಪು ದಾರವನ್ನು ಇದ್ದ ಹಾಗೇ ಕಟ್ಟಿ, ಕಿಟಕಿ ದಂಡೆ ಮೇಲೆ ಇದ್ದ ಜಾಗದಲ್ಲೇ ಇಟ್ಟುಬಂದೆ. ಎಂಥ ಶಿಸ್ತಿನ ಕಳ್ಳ ನೋಡಿ!

ಆಮೇಲಿನ ಎರಡು ವಾರ ನಾನು ಚನ್ನಪಟ್ಟಣದಲ್ಲಿ ಇರಲೇ ಇಲ್ಲ. ದೇಹ ವಿರೂಪಾಕ್ಷಿಪುರದ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತಿತ್ತು, ಮನಸ್ಸು ದೋಣಿಯಲ್ಲಿ ತೇಲುತ್ತಿತ್ತು. ರಸ್ತೆ ಪಕ್ಕದ ಕೆರೆ ಬಿಸಿಲಿಗೆ ಮಿಂಚಿದರೆ ಅದರ ಆಚೆ ದಂಡೆಯಲ್ಲಿ ಗೋಪುರಗಳು ಏಳುತ್ತಿದ್ದವು. ಕಂಡಕ್ಟರು "ಟಿಕೆಟ್ ಟಿಕೆಟ್" ಅಂದರೆ ನನಗದು ಅಂಬಿಗನ ಹಾಡಿನಂತೆ ಕೇಳುತ್ತಿತ್ತು. ಕಪ್ಪುಹಲಗೆ ಮೇಲೆ ಎರಡು ಸಮಾಂತರ ರೇಖೆ ಎಳೆದರೆ ಅವು ಕಾಲುವೆಯ ಎರಡು ದಡಗಳಾಗುತ್ತಿದ್ದವು, ಛೇದಕ ರೇಖೆ ಸೇತುವೆಯಾಗುತ್ತಿತ್ತು. ಸೇತುವೆ ಮೇಲೆ ಶಾಂಭವಿ ನಿಂತು ಕೈ ಬೀಸುತ್ತಿದ್ದಳು. ಅಲ್ಲಿ ಅವಳಿಗೆ ಅಡುಗೆ ಇಲ್ಲ, ಲೇತಿನ ಸದ್ದಿಲ್ಲ, ಕೂದಲಲ್ಲಿ ಮರದ ಪುಡಿ ಇಲ್ಲ. ನೀರಿನ ಬೆಳಕು ಅವಳ ಕೆನ್ನೆ ಮೇಲೆ ಅಲುಗಾಡುತ್ತಿತ್ತು.

"ಸಾರ್, ರೇಖೆ ಮುಗೀತು, ಗೋಡೆ ಮೇಲೆ ಎಳೀತಾ ಇದ್ದೀರಾ" ಎಂದು ಮಕ್ಕಳು ಕೂಗಿದಾಗ ಎಚ್ಚರ.

ಸಂಜೆ ಸೈಕಲ್ ಅಭ್ಯಾಸ. ಶಾಂಭವಿ ಮೆಹ್ರೀನಳ ಸೈಕಲ್ ಏರಿ ಮುಂದೆ, ನಾನು ಬಾಡಿಗೆ ಸೈಕಲ್ ಮೇಲೆ ಏದುಸಿರು ಬಿಡುತ್ತ ಹಿಂದೆ. ನೋವಿದ್ದ ಮಂಡಿಗೂ ನಾನು ವೆನಿಸ್ ಹೆಸರು ಹೇಳಿ ಸಮಾಧಾನ ಮಾಡುತ್ತಿದ್ದೆ.

ಎರಡನೇ ಶನಿವಾರ ಪ್ಯಾಕಿಂಗ್. ರಜೆ ಇದ್ದದ್ದರಿಂದ ನಾನೂ ಕಾರ್ಖಾನೆಯಲ್ಲಿ ಡಬ್ಬಕ್ಕೆ ಟೇಪು ಅಂಟಿಸುತ್ತ ಕೂತಿದ್ದೆ. ಅವ್ವ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಇನ್ನೂರ ನಲವತ್ತು ಬುಗುರಿಗಳು ಮೇಜಿನ ಮೇಲೆ ಸಾಲಾಗಿ ಹೊಳೆಯುತ್ತಿದ್ದವು. ಡಬ್ಬಕ್ಕೆ ಹಾಕುವ ಮುನ್ನ ಕೆಲವನ್ನು ತಿರುಗಿಸಿ ನೋಡುವುದು ಶಾಂಭವಿಯ ಪದ್ಧತಿ.

ಒಂದನ್ನು ತಿರುಗಿಸಿದಳು. ನೀಲಿ.

ಇನ್ನೊಂದು. ನೀಲಿ.

ಮತ್ತೊಂದು. ನೀಲಿ.

ನನ್ನ ಕೈಯಲ್ಲಿದ್ದ ಟೇಪು ನನ್ನ ಬೆರಳಿಗೇ ಅಂಟಿಕೊಂಡಿತು.

"ಮೆಹ್ರೀನ್, ಆ ಸಾಲಿಂದ ಒಂದು ಕೊಡೇ."

ನೀಲಿ.

"ಅಕ್ಕಾ, ಇದು ಹಿಂದಿನ ಸಾಲಿಂದು, ಇದನ್ನ ನೋಡಿ" ಎಂದು ಮೆಹ್ರೀನ್ ತಾನೇ ಬಿಟ್ಟಳು. ನೀಲಿ! ಅವಳಿಗೆ ಖುಷಿಯೋ ಖುಷಿ. ಎರಡೂ ಕೈಯಲ್ಲಿ ಒಂದೊಂದು ಬಿಟ್ಟಳು. ಮೇಜಿನ ಮೇಲೆ ಬುಗುರಿಗಳು ಗುಂಯ್‌ಗುಟ್ಟುತ್ತ ತಿರುಗಿ, ವಾಲಿ, ಒಂದರ ಹಿಂದೆ ಒಂದು ನೀಲಿ ಮುಖ ಮೇಲೆತ್ತಿ ಮಲಗಿದವು. ಕನಸಿನಲ್ಲಿ ಕಂಡ ಕಾಲುವೆಯೇ ಮೇಜಿನ ಮೇಲೆ ಹರಿದ ಹಾಗಿತ್ತು. ಅದರಲ್ಲಿ ನಾನು ಮುಳುಗುತ್ತಿದ್ದೆ.

"ಎಲ್ಲಾ ಎನೀಸೇ ಬತ್ತಾ ಅವಲ್ಲೋ ಮಗಾ!" ಎಂದು ಅವ್ವ ಅವರೆಕಾಯಿ ಬಿಟ್ಟು ಎದ್ದಳು. "ದೇವ್ರು ಇಷ್ಟೊಂದು ಸಲ ಯೋಳ್ಬೇಕಾಗಿತ್ತಾ? ನಾವು ಅವತ್ತೇ ಒಪ್ಕಂಡಿದ್ವಲ್ಲ!"

ಶಾಂಭವಿ ಒಂದು ಬುಗುರಿಯನ್ನು ಅಂಗೈ ಮೇಲಿಟ್ಟು ತೂಗಿ ನೋಡಿದಳು. "ಹಬೀಬ್ ಭಾಯ್, ಒಸಿ ಬನ್ನಿ ಇಲ್ಲಿ."

ಹಬೀಬ್ ಸಾಹೇಬರು ಕೈ ಒರೆಸಿಕೊಂಡು ಬಂದರು.

"ಒಂದು ಕಡೆ ಭಾರ ಇದೆಯಲ್ಲ ಇದು?"

"ಹೌದು ಮೇಡಂ, ಹಳದಿ ಕಡೆ" ಅಂದರು ಹೆಮ್ಮೆಯಿಂದ. "ಒಳಗೆ ಮೊಳೆ ಐತಲ್ಲ."

"ಮೊಳೆ? ಬುಗುರಿಯೊಳಗೆ ಮೊಳೆ ಯಾಕೆ ಭಾಯ್?"

ಹಬೀಬ್ ಸಾಹೇಬರು ಅವಳನ್ನು ವಿಚಿತ್ರವಾಗಿ ನೋಡಿದರು. "ಸ್ಯಾಂಪಲ್ಲಲ್ಲಿ ಇತ್ತಲ್ಲ ಮೇಡಂ! ಕೈಗೆ ತಗೊಂಡ್ರೆ ಭಾರ ಬೇರೆ ಥರಾ ಅನ್ನಿಸ್ತು. ಹಳದಿ ಬಣ್ಣ ಕೆರೆದು ನೋಡ್ದೆ. ಗಿಡ್ಡ ಮೊಳೆ, ತಲೆ ಇಲ್ಲ. ಫಾರಿನ್ ಆರ್ಡರು, ಏನೋ ಟೆಕ್ನಿಕ್ ಇರ್ಬೇಕು ಅಂದ್ಕೊಂಡೆ. ಆ ಸೈಜಿನ ಮೊಳೆ ಇಲ್ಲಿ ಸಿಗಲಿಲ್ಲ, ರಾಮನಗರಕ್ಕೆ ಹೋಗಿ ತಂದೆ. ಒಂದೊಂದರ ತಲೇನೂ ನಾನೇ ಕತ್ತರಿಸಿದ್ದು. ಇನ್ನೂರ ನಲವತ್ತರಲ್ಲಿ ಒಂದಕ್ಕಾದ್ರೂ ಮೊಳೆ ತಪ್ಪಿದ್ರೆ ಕೇಳಿ!"

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೆಂಪು ದಾರ ಕಟ್ಟಿತ್ತಲ್ಲ ಮೇಡಂ. ದಾರ ಕಟ್ಟಿದ ಸ್ಯಾಂಪಲ್ ಪಾಸಾದ ಸ್ಯಾಂಪಲ್. ಅದನ್ನ ಪ್ರಶ್ನೆ ಕೇಳಬೇಡಿ, ಕೂದಲೆಳೆ ವ್ಯತ್ಯಾಸ ಇಲ್ದಂಗೆ ಮಾಡಿ ಅಂತ ನೀವೇ ಅಲ್ವಾ ನಿಯಮ ಮಾಡಿದ್ದು?"

ಅಂದಕ್ಕೆ ಕಟ್ಟಿದ ದಾರವಂತೆ! ಹನ್ನೊಂದು ವರ್ಷದಿಂದ ಆ ಕಾರ್ಖಾನೆಯ ಪಕ್ಕದಲ್ಲೇ ಸ್ನಾನ ಮಾಡಿ, ಉಂಡು, ಮಲಗಿ ಎದ್ದವನು ನಾನು. ಕೆಂಪು ದಾರದ ಅರ್ಥ ಪ್ಯಾಕಿಂಗ್ ಮೆಹ್ರೀನಳಿಗೆ ಗೊತ್ತು, ಅವರೆಕಾಯಿ ಬಿಡಿಸುವ ಅವ್ವನಿಗೂ ಗೊತ್ತು. ಪದವೀಧರನಿಗೆ ಗೊತ್ತಿಲ್ಲ.

ಶಾಂಭವಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. "ರೀ, ಭಾನುವಾರ ಬಿಟ್ರಲ್ಲ ಬುಗುರಿ, ಅದು ಎಲ್ಲಿಂದ ತಂದಿದ್ದು?"

"ಕಿಟಕಿ... ಕಿಟಕಿ ಹತ್ತಿರ ಇತ್ತು" ಅಂದೆ.

"ದಾರ ಇತ್ತಾ?"

"ಇತ್ತು. ವಾಪಸ್ ಕಟ್ಟಿದೀನಿ." ಇಷ್ಟಾದರೂ ಮೆಚ್ಚುಗೆ ಸಿಗಲಿ ಎಂಬ ಆಸೆ ನೋಡಿ ನನಗೆ!

ಮೊದಲು ನಕ್ಕವಳು ಮೆಹ್ರೀನ್, ದುಪಟ್ಟ ಬಾಯಿಗೆ ತುರುಕಿಕೊಂಡು. ಅವ್ವನಿಗೆ ಅರ್ಥವಾಗಲು ಒಸಿ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಮುಖ ಇಳಿದದ್ದನ್ನು ನಾನು ಮರೆಯಲಾರೆ.

"ಲೋ, ಅದ್ಕೆ ಕುಂಕುಮ ಇಟ್ಟು ಕೈ ಮುಗ್ದಿದ್ನಲ್ಲೋ ನಾನು! ನಮ್ಮನೇಲಿ ಓದಿಲ್ದೋರು ಯಾರೂ ಈ ಕೆಲ್ಸ ಮಾಡಿಲ್ಲ ಕಣ್ಲಾ!"

ಶಿಕ್ಷೆ ತಕ್ಷಣ ಜಾರಿಯಾಯಿತು. ಸೋಮವಾರ ಕೊರಿಯರಿನವನು ಬರುವಷ್ಟರಲ್ಲಿ ಇನ್ನೂರ ನಲವತ್ತು ಮೊಳೆಗಳನ್ನೂ ನಾನೇ ಕೀಳಬೇಕು. ಹಬೀಬ್ ಸಾಹೇಬರು ತೂತು ಮುಚ್ಚಿ ನುಣುಪು ಮಾಡುತ್ತಾರೆ, ಮೆಹ್ರೀನ್ ಹಳದಿ ಬಳಿಯುತ್ತಾಳೆ. "ಸಾರ್, ಹಂಗಲ್ಲ, ಇಕ್ಕಳ ನೇರ ಹಿಡೀರಿ" ಎಂದು ಹಬೀಬ್ ಸಾಹೇಬರು ಅಕ್ಕರೆಯಿಂದ ತಿದ್ದುತ್ತಿದ್ದರು. ಅವರು ಬೈದಿದ್ದರೇ ಚೆನ್ನಾಗಿತ್ತು. ಅವರು ಅಷ್ಟು ಭದ್ರವಾಗಿ ಕೂರಿಸಿದ್ದ ಮೊಳೆ ಒಂದೊಂದೂ ಕಿತ್ತು ಬರುವಾಗ ನನ್ನ ಕನಸಿನ ಊರಿನ ಒಂದೊಂದು ದೀಪ ಆರುತ್ತಿತ್ತು. ಐವತ್ತನೇ ಮೊಳೆಗೆ ದೋಣಿಗಳು ಹೋದವು. ನೂರನೇದಕ್ಕೆ ಸೇತುವೆ ಹೋಯಿತು. ಇನ್ನೂರು ದಾಟುವಾಗ ಕಾಲುವೆ ಬತ್ತಿ, ಬೆರಳಲ್ಲಿ ಎರಡು ಬೊಬ್ಬೆ ಮಾತ್ರ ಉಳಿದಿದ್ದವು.

ಭಾನುವಾರ ಸಂಜೆ ಕೊನೆಯ ಮೊಳೆ ಕಿತ್ತಾಗ ಶಾಂಭವಿ ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತಳು. ಅದೇ ಒಳ್ಳೇ ಸಮಯ ಎಂದು ತಪ್ಪೊಪ್ಪಿಗೆ ಶುರು ಮಾಡಿದೆ.

"ನಿನಗೆ ನ್ಯೂರೆಂಬರ್ಗ್ ಇಷ್ಟ ಅಂತ ಗೊತ್ತಿತ್ತು ಶಾಂಭವಿ. ಕೇಳಿದ್ರೆ ಅದನ್ನೇ ಹೇಳ್ತೀಯ ಅನ್ನೋ ಭಯ. ನೀರಿನ ಬೀದಿ ಒಂದ್ಸಲ ನೋಡಬೇಕು ಅಂತ ಆಸೆ ಆಯ್ತು. ಬಾಯಿಬಿಟ್ಟು ಹೇಳೋಕೆ ಆಗಲಿಲ್ಲ."

"ನ್ಯೂರೆಂಬರ್ಗ್ ನನಗಿಷ್ಟ ಅಂತ ಯಾರು ಹೇಳಿದ್ದು?"

"ಬೊಂಬೆ ಮ್ಯೂಸಿಯಂ ಇದೆಯಲ್ಲ..."

"ದಿನಾ ಹನ್ನೆರಡು ಗಂಟೆ ಬೊಂಬೆ ನೋಡೋಳು ನಾನು. ರಜೇಲೂ ಅದನ್ನೇ ನೋಡ್ಬೇಕಾ? ನೀವು ರಜಾ ದಿನ ಬೇರೆ ಶಾಲೆಗೆ ಹೋಗಿ ಕೂತ್ಕೋತೀರಾ?"

ಅವಳು ಫೋನು ತೆಗೆದು ನನ್ನ ಮುಂದೆ ಹಿಡಿದಳು. ಹೆಲ್ಗಾ ಮೇಡಂಗೆ ಬರೆದು, ಕಳಿಸದೆ ಇಟ್ಟಿದ್ದ ಪತ್ರ. ಬುಗುರಿ ಬಿಟ್ಟ ಭಾನುವಾರಕ್ಕೂ ಐದು ದಿನ ಮೊದಲಿನ ತಾರೀಖು. ಕೊನೆಯ ಸಾಲಿನಲ್ಲಿ ಊರಿನ ಹೆಸರು: ವೆನಿಸ್.

ಆ ಹೆಸರನ್ನು ಎರಡೆರಡು ಸಲ ಓದಿದೆ.

"ಆಮೇಲೆ ಏಳು ದಿನ ಸೈಕಲ್ ತುಳಿದು ಸೊಂಟ ಮುರ್ಕೊಳ್ಳೋದು ಇದ್ದೇ ಇದೆ. ಮೊದಲ ಮೂರು ದಿನ ಸೈಕಲ್ಲೇ ಇಲ್ಲದ ಊರಲ್ಲಿ, ದೋಣೀಲಿ ಕೂತು, ಇಬ್ಬರೂ ಸುಮ್ನೆ ಇರೋಣ ಅಂತ ಬರೆದಿದ್ದೆ. ಅವತ್ತು ನೀಲಿ ಬಿದ್ದಾಗ ನನಗೆಷ್ಟು ಖುಷಿಯಾಗಿತ್ತು ಗೊತ್ತಾ? ದೇವರು ನನ್ನ ಮನಸ್ಸು ಓದಿದ ಅಂದ್ಕೊಂಡಿದ್ದೆ."

ಎದ್ದು ಕುಣಿಯುವುದೊಂದು ಬಾಕಿ! ಆರಿದ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಕಾಲುವೆ ತುಂಬಿತು. ಬೊಬ್ಬೆ ಬಂದ ಬೆರಳಿಂದಲೇ ಅವಳ ಫೋನು ತೋರಿಸುತ್ತ ಅಂದೆ: "ಹಾಗಾದ್ರೆ ಇನ್ನೇನು ಯೋಚನೆ! ಇಬ್ಬರದೂ ಒಂದೇ ಊರು! ಕಳಿಸು, ಈಗಲೇ ಕಳಿಸು!"

"ಹೂಂ" ಅಂದಳು. ಹೆಬ್ಬೆರಳಿಂದ ಏನೋ ಅಳಿಸಿ, ಏನೋ ಬರೆದು, ಒತ್ತಿದಳು. ಫೋನು ಕೆಳಗಿಟ್ಟು ಕಾಫಿ ಲೋಟ ಎತ್ತಿಕೊಂಡಳು.

"ಕಳಿಸಿದೆ. ನ್ಯೂರೆಂಬರ್ಗ್."

"ಯಾಕೇ? ನಿನಗೂ ವೆನಿಸ್ ತಪ್ಪಿತಲ್ಲ!"

"ನಂದು ಪರವಾಗಿಲ್ಲ" ಅಂದಳು ಶಾಂಭವಿ, ಕಾಫಿ ಊದಿ ಒಂದು ಗುಟುಕು ಕುಡಿದು. "ಆ ಮ್ಯೂಸಿಯಮ್ಮಲ್ಲಿ ಲೋಕದ ಬುಗುರಿ ಎಲ್ಲ ಇಟ್ಟಿರ್ತಾರೆ. ಮೊಳೆ ಇಲ್ಲದ ಬುಗುರಿ ಹೇಗಿರುತ್ತೆ ಅಂತ ಮೂರು ದಿನ ನೀವು ಚೆನ್ನಾಗಿ ನೋಡ್ಕೊಂಡು ಬರಬೇಕು."